ಕಪ್ಪು ಹಾಳೆಯ ಮೇಲೆ ರಾಜಶ್ರೀ

ಸಿಂದಗಿ
ಬುಧವಾರ, ೪ ಫೆಬ್ರುವರಿ ೨೦೨೬

ಪ್ರೀತಿಯ ಅಮೋಘಣ್ಣಾ,

ತಂಗಿ ರಾಜಶ್ರೀಯನ್ನು ಒಂದು ಮಾತೂ ಕೇಳದೆ ನಾಲತವಾಡದ ಗಂಡಿನವರಿಗೆ ನೀನು ಹೂಂ ಅಂದದ್ದು ತಪ್ಪು. ಇದನ್ನು ಮೊದಲು ಹೇಳಿ ಆಮೇಲೆ ಕ್ಷೇಮ ಕೇಳುತ್ತಿದ್ದೇನೆ. ಕೆಮ್ಮು ಹೇಗಿದೆ? ಸೊಲ್ಲಾಪುರದ ಮಗ್ಗದ ಕಾರ್ಖಾನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅವ್ವ ಆರಾಮಾಗಿದ್ದಾಳೆ, ಆದರೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನಂತೂ ಫೋನೇ ಎತ್ತುವುದಿಲ್ಲ. ಅದಕ್ಕೇ ಆ ಕಡೆ ಗಾಡಿ ಹೊಡೆಯುವ ಬಿಲಾಲನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಮ್ಮ ಚಿತ್ರಕಲಾ ಕಾಲೇಜಿನಲ್ಲಿ ಬರೀ ಅಕ್ಷರಗಳಿಂದ ಪೋಸ್ಟರ್ ಮಾಡಿ ಎಂದಿದ್ದರು. ಬೇರೆಯವರು ನೀರು, ಗಿಡ ಅಂತ ಮಾಡಿದರು. ನಾನು ರಾಜಶ್ರೀಯ ಹೆಸರು ಬರೆದೆ. ಕೆಂಪು ಬಣ್ಣದಲ್ಲಿ ಬರೆದರೆ ಚುನಾವಣೆಯ ಪೋಸ್ಟರಿನಂತೆ ಕಂಡಿತು, ಹಳದಿಯಲ್ಲಿ ಬರೆದರೆ ಕಿರಾಣಿ ಅಂಗಡಿಯ ಬೋರ್ಡಿನಂತೆ. ಕೊನೆಗೆ ಕಪ್ಪು ಹಾಳೆ, ಬಿಳಿ ಅಕ್ಷರ. ‘ರಾ’ ದಪ್ಪ, ‘ಜ’ ತೆಳು, ‘ಶ್ರೀ’ ಕಪ್ಪಿನಲ್ಲಿ ಕರಗುತ್ತಾ ಹೋಗುತ್ತದೆ. ಓದುವ ಹುಡುಗಿಯನ್ನು ಹೀಗೇ ಅಳಿಸುತ್ತಾರೆ ಅನ್ನುವುದು ನನ್ನ ಅರ್ಥ. ಇಷ್ಟಕ್ಕೇ ಬಿಡಬೇಕಿತ್ತು. ಜನರ ಮನಸ್ಸಿಗೆ ತಟ್ಟಲಿ ಎಂದು ಅವಳ ಫೋಟೋ ಸೇರಿಸಿದೆ. ಅಡಿಯಲ್ಲಿ ಸಣ್ಣದಾಗಿ ‘ಇವಳನ್ನು ಯಾರೂ ಕೇಳಲಿಲ್ಲ’ ಎಂದು ಬರೆದೆ. ಬಸ್ ಸ್ಟ್ಯಾಂಡಿನ ಗೋಡೆಗೂ ನಮ್ಮ ಓಣಿಗೂ ಹಚ್ಚಿದೆ.

ಸಣ್ಣ ಅಕ್ಷರ ಯಾರಿಗೂ ಕಾಣಲಿಲ್ಲ ಅಣ್ಣಾ. ಕಪ್ಪು ಹಾಳೆ, ಫೋಟೋ, ದೊಡ್ಡ ಹೆಸರು: ನಮ್ಮ ಊರಲ್ಲಿ ಅದು ಯಾವುದರ ಗುರುತು ಎಂದು ನಿನಗೆ ಹೇಳಬೇಕೇ? ಯಾರದೋ ಬಾಯಿಂದ ಸುದ್ದಿ ಕೇಳಿ ಮಧ್ಯಾಹ್ನ ಲಚ್ಯಾಣದಿಂದ ಹುಚ್ಚವ್ವ ದೊಡ್ಡವ್ವ ಬಂದಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ರೊಟ್ಟಿ ಝುಣಕದ ಬುತ್ತಿ ಕಟ್ಟಿಕೊಂಡೇ ಬಂದಿದ್ದಳು. “ಯವ್ವಾ ನನ್ನ ಕೂಸs, ಹ್ಯಾಂಗ ಬಿಟ್ಟು ಹೋದೆವ್ವಾ!” ಎಂದು ಬಾಗಿಲಲ್ಲೇ ಕುಸಿದಳು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ರಾಜಶ್ರೀ ಕೈ ಒರೆಸಿಕೊಂಡು, “ಬರ್ರಿ ದೊಡ್ಡವ್ವ, ಯಾರ ಹೋದ್ರು?” ಅಂದಳು. ದೊಡ್ಡವ್ವ ಅವಳನ್ನು ಮುಟ್ಟಿ ಮುಟ್ಟಿ ನೋಡಿ, ಆಮೇಲೆ ನನ್ನ ಬೆನ್ನಿಗೆ ನಾಲ್ಕು ಗುದ್ದಿದಳು. “ಸಾಲಿ ಕಲ್ತು ಇದನ್ನs ಮಾಡಾಕತ್ತೀಯೇನೋ ಭಾಡ್ಯಾ?” ಅಂದಳು. ಬುತ್ತಿಯನ್ನು ಮಾತ್ರ ಎಲ್ಲರೂ ಕೂತು ಉಂಡೆವು.

ಸಂಜೆ ನಾಲತವಾಡದಿಂದ ಫೋನ್ ಬಂತು. “ಬದುಕಿದ್ದಾಗs ಶ್ರದ್ಧಾಂಜಲಿ ಆದ ಹುಡುಗಿನ್ನ ಹ್ಯಾಂಗ ಮನಿ ತುಂಬಿಸಿಕೊಳ್ಳೂದ್ರಿ? ಸದ್ಯಕ್ಕ ಬ್ಯಾಡ್ರಿ” ಅಂದರು. ನಾನು ಕುಣಿಯಬೇಕಿತ್ತು, ಆಗಲಿಲ್ಲ. ಓದಿದ ಕರಪತ್ರಗಳೆಲ್ಲ ಶಕುನ ನಂಬಬೇಡಿ ಎನ್ನುತ್ತವೆ. ನಾನೂ ಸಂತೆಯಲ್ಲಿ ನಿಂತು ಹಾಗೇ ಕೂಗಿದವನು. ಈಗ ಮದುವೆ ನಿಂತದ್ದು ನನ್ನ ವಿಚಾರದಿಂದಲ್ಲ, ಅದೇ ಶಕುನದಿಂದ. ಅದು ಸುಳ್ಳು ಎಂದು ಅವರಿಗೆ ತಿಳಿಸಿ ಹೇಳಿದರೆ ಮದುವೆ ಮತ್ತೆ ಕೂಡುತ್ತದೆ. ಸುಮ್ಮನಿದ್ದರೆ ನಾನೂ ಅದನ್ನೇ ನಂಬಿದಂತೆ. ಎರಡು ದಿನದಿಂದ ತಲೆ ಓಡುತ್ತಿಲ್ಲ. ಕೊನೆಗೆ ರಾಜಶ್ರೀಯನ್ನೇ ಕೇಳಿದರೆ, “ಅಣ್ಣ ಕೇಳಲಿಲ್ಲ ಖರೆ. ನನ್ನ ಫೋಟೋ ಗ್ವಾಡಿಗೆ ಹಚ್ಚೂಮುಂದ ನೀನರ ಕೇಳಿದ್ಯೇನು?” ಅಂದಳು. ಗೋಡೆಗೆ ಹಚ್ಚಿದ್ದನ್ನೆಲ್ಲ ಅವಳೇ ನೀರು ಹಾಕಿ ಕೆರೆದು ತೆಗೆದಳು.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಸಿಟ್ಟಾದರೂ ಕಾಗದ ಪೂರ್ತಿ ಓದು.

ನಿನ್ನ ತಮ್ಮ,
ಕಾಂತು

ತಾ.ಕ.: ಬಿಲಾಲ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ರಾಜಶ್ರೀ ಈಗಷ್ಟೇ ಬಂದು, ಮದುವೆಯ ಮಾತನ್ನು ನಿನ್ನೆದುರು ತಾನೇ ಆಡುತ್ತೇನೆ ಅಂದಳು. ಬೇಕು ಅನ್ನುತ್ತಾಳೋ ಬೇಡ ಅನ್ನುತ್ತಾಳೋ ನನಗೂ ಹೇಳಿಲ್ಲ. ನಾನು ಜೊತೆಗೆ ಬರಬಹುದಂತೆ, ಬಾಯಿ ತೆರೆಯುವಂತಿಲ್ಲ. ನೀನು ರೈಲಿಗೆ ಬಾ, ನಾವು ಬಸ್ಸಿಗೆ ಬರುತ್ತೇವೆ. ಇಂಡಿ ರೋಡ್ ಸ್ಟೇಶನ್, ಬರುವ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ.