ಮಿಡತೆ ತಿನ್ನುತ್ತೇನೆ ಎನ್ನದ ಹುಡುಗಿಗೆ ಸೊನ್ನೆ

ಮಾನ್ಯ ಇಂಗ್ಲಿಷ್ ಮೌಖಿಕ ಪರೀಕ್ಷಾಧಿಕಾರಿಗಳೇ,

ಮಿಡತೆ ತಿನ್ನುತ್ತೇನೆಂದು ಇಂಗ್ಲಿಷಿನಲ್ಲಿ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಮಗಳು ಸೋನಾಲಿಯನ್ನು ನೀವು ನಪಾಸು ಮಾಡಿದ್ದೀರಿ. ಅವಳ ಕನ್ನಡ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತದೆ. ಅದೇ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿರುವ ಇಂಗ್ಲಿಷ್ ವಿಭಾಗಕ್ಕೆ ಹತ್ತಬೇಕಾದರೆ ನಿಮ್ಮ ಪರೀಕ್ಷೆಯನ್ನು ದಾಟಬೇಕು. ಅವಳು ದಾಟಲಿಲ್ಲ. ಖಾಸಗಿ ಶಾಲೆ ನಮ್ಮ ಕೈಗೆ ಎಟುಕುವುದಿಲ್ಲ. ಹಾಗಾಗಿ ಜೂನ್ ತಿಂಗಳಲ್ಲಿ ಅವಳನ್ನು ವಿಜಯಪುರದ ಹಾಸ್ಟೆಲಿಗೆ ಬಿಟ್ಟುಬರಬೇಕು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲು ಬಿಟ್ಟು ಮಲಗಿದ ಹುಡುಗಿಯಲ್ಲ ಅದು. ನನ್ನ ಹೆಂಡತಿ ಆಗಲೇ ಹಳೆಯ ಟ್ರಂಕನ್ನು ಬಿಸಿಲಿಗೆ ಇಟ್ಟಿದ್ದಾಳೆ.

ನಾನು ಯಾರೆಂದು ತಾವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಈ ಮಹಾನಗರದ ಮಲಾಡ್ ಮಾರ್ಕೆಟ್ಟಿನಲ್ಲಿ ನನ್ನದು ಜೋಳದ ಅಂಗಡಿ. ವಿಜಯಪುರದ ಬಿಳಿಜೋಳ, ಕಡಲೆ, ಸಜ್ಜೆ. ನನ್ನ ಅರ್ಧ ಆಯುಷ್ಯ ಹುಳಗಳ ಜೊತೆಗಿನ ಯುದ್ಧದಲ್ಲೇ ಕಳೆದಿದೆ. ಚೀಲಕ್ಕೆ ಬೇವಿನೆಲೆ ಹಾಕು, ಬಿಸಿಲಿಗೆ ಹರವು, ಜರಡಿ ಹಿಡಿ, ಮತ್ತೆ ತುಂಬು. ಒಂದೇ ಒಂದು ನುಸಿ ಕಂಡರೂ ಎದುರು ಸೊಸೈಟಿಯ ಶುಭಾಂಗಿ ಬಾಯಿ ಜೋಳದ ಕೈಚೀಲವನ್ನು ತಂದು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕುತ್ತಾರೆ. ಹೋದ ಮಳೆಗಾಲದಲ್ಲಿ ಆಹಾರ ತಪಾಸಣೆಯ ಸಾಹೇಬರು ಬಂದು, ಜೋಳದಲ್ಲಿ ಹುಳವಿದೆಯೆಂದು ಇಡೀ ಚೀಲವನ್ನು ಗಟಾರಕ್ಕೆ ಸುರಿಸಿಹೋದರು. ಒಬ್ಬ ಅಧಿಕಾರಿ ಹುಳವಿದೆಯೆಂದು ತಂದೆಯನ್ನು ದಂಡಿಸುತ್ತಾನೆ, ಇನ್ನೊಬ್ಬ ಅಧಿಕಾರಿ ಹುಳ ತಿನ್ನುವುದಿಲ್ಲವೆಂದು ಮಗಳನ್ನು ದಂಡಿಸುತ್ತಾನೆ. ತಾವಿಬ್ಬರೂ ಒಮ್ಮೆ ಕೂತು ಚಹಾ ಕುಡಿಯಬಾರದೇ ಸ್ವಾಮಿ?

ನಿಮ್ಮ ಪಾಠದ ಹೆಸರು ‘ನಾಳೆಯ ಸಸ್ಟೇನೆಬಲ್ ತಟ್ಟೆ’. ಭೂಮಿ ಉಳಿಯಬೇಕಾದರೆ ಮಾಂಸ ಬಿಟ್ಟು ಕೀಟ ತಿನ್ನಬೇಕಂತೆ, ಮಿಡತೆಯಲ್ಲಿ ಪ್ರೋಟೀನ್ ಹೇರಳವಂತೆ. ಇರಲಿ. ಕೀಟ ತಿನ್ನುವವರ ಮೇಲೆ ನನ್ನ ತಕರಾರಿಲ್ಲ. ಚಿಗಳಿ ಇರುವೆಯ ಚಟ್ನಿ ಅರೆದು ತಿನ್ನುವ ಜನ ನಮ್ಮ ಕರ್ನಾಟಕದಲ್ಲೇ ಇದ್ದಾರೆ, ತಿಂದು ಗಟ್ಟಿಯಾಗಿದ್ದಾರೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ನೀವು ಕೊಟ್ಟ ಮಾದರಿ ಉತ್ತರ ಹೀಗಿದೆ: ‘ಐ ಈಟ್ ಗ್ರಾಸ್‌ಹಾಪರ್ಸ್. ದೇ ಆರ್ ವೆರಿ ಟೇಸ್ಟಿ.’ ಅಂದರೆ, ನಾನು ಮಿಡತೆ ತಿನ್ನುತ್ತೇನೆ, ಅವು ಬಲು ರುಚಿ. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯುವುದು ಹೇಗೆಂದು ನಿಮಗೆ ಗೊತ್ತಿರಬೇಕು. ಮಂತ್ರದ ಹಾಗೆ ಬಾಯಿಪಾಠ ಮಾಡುತ್ತವೆ. ಸೋನಾಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಇದನ್ನೇ ಉರುಹೊಡೆಯುತ್ತಿದ್ದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ತಾಯಿ ದಾನವ್ವ ಕೈ ನಿಲ್ಲಿಸಿ ಕೇಳಿದಳು, “ಏನಂತಿ ಯವ್ವಾ ಅದು? ಕನ್ನಡದಾಗ ಹೇಳ.”

ಮಗಳು ಅರ್ಥ ಹೇಳಿದಳು. ಸುಳ್ಳು ಹೇಳಿ ಗೊತ್ತಿರಲಿಲ್ಲ ಅದಕ್ಕೆ.

ನಮ್ಮದು ಲಿಂಗವಂತರ ಮನೆ. ಹುಡುಗಿಗೆ ಹೋದ ವರ್ಷ ಲಿಂಗದೀಕ್ಷೆಯಾಗಿದೆ, ಕೊರಳಲ್ಲಿ ಲಿಂಗವಿದೆ. ಅವ್ವ ಬೈಯಲಿಲ್ಲ, ಮೆತ್ತಗೆ ಹೇಳಿದಳು: “ಕೊರಳಾಗ ಲಿಂಗ ಕಟ್ಕೊಂಡು ತಿನ್ನಲಾರದ್ದನ್ನ ತಿಂತೀನಿ ಅನಬಾರದವ್ವಾ. ಬಾಯಿಗೆ ಬಂದದ್ದು ಹೊಟ್ಟಿಗೆ ಹೋದಂಗ.” ನಾನು ನಡುವೆ ಬಾಯಿ ಹಾಕಿ, “ಅವ್ವಾ, ಅದು ಬರೇ ಪಾಠ” ಎಂದೆ. “ಪಾಠ ಅಂದ್ರ ಖರೇ ಇರಬೇಕಲ್ಲೋ ಅಣವೀರಪ್ಪಾ” ಎಂದಳು. ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ?

ಪರೀಕ್ಷೆಯಲ್ಲಿ ನಿಮ್ಮ ಶಿಕ್ಷಕಿ ಕೇಳಿದ ಪ್ರಶ್ನೆ, ಭೂಮಿಯ ಒಳಿತಿಗಾಗಿ ನೀನು ಏನು ತಿನ್ನುತ್ತೀ? ಹುಡುಗಿ “ಐ ಈಟ್ ಜವಾರ್ ರೋಟಿ” ಎಂದಿತು. ಎಲ್ಲಿಂದಲೂ ಕದ್ದದ್ದಲ್ಲ, ಗಿಳಿಪಾಠವಲ್ಲ, ತಾನೇ ಯೋಚಿಸಿ ಕಟ್ಟಿದ ಮೊದಲ ಇಂಗ್ಲಿಷ್ ವಾಕ್ಯ. ಅದಕ್ಕೆ ನೀವು ಸೊನ್ನೆ ಕೊಟ್ಟಿರಿ, ಪಾಠದ ಶಬ್ದಗಳನ್ನು ಬಳಸಿಲ್ಲವೆಂದು ಷರಾ ಬರೆದಿರಿ. ನನಗೆ ತಿಳಿಯದೆ ಕೇಳುತ್ತೇನೆ: ಹಿಂಗಾರಿಯ ಇಬ್ಬನಿಗೇ ಬೆಳೆಯುವ, ಕಾಲುವೆಯ ನೀರು ಕೇಳದ, ದಂಟು ದನಕ್ಕೆ, ಕಾಳು ಮನುಷ್ಯನಿಗೆ ಎಂದು ಪೂರ್ತಿ ಸಂದುಹೋಗುವ ಜೋಳಕ್ಕಿಂತ ಸಸ್ಟೇನೆಬಲ್ ಆದದ್ದು ಇನ್ನೇನಿದೆ? ನಿಮ್ಮ ಕಚೇರಿಯ ಮೊಗಸಾಲೆಯಲ್ಲೇ ಸಿರಿಧಾನ್ಯ ತಿನ್ನಿ ಎಂಬ ದೊಡ್ಡ ಪೋಸ್ಟರ್ ಇದೆ. ಅದರ ಕೆಳಗಿನ ಬೆಂಚಿನ ಮೇಲೆಯೇ ನಾನು ಮಗಳ ಜೊತೆ ನಿಮಗಾಗಿ ಕಾದು ಕೂತಿದ್ದೆ.

ನೀವು ಸಿಗಲಿಲ್ಲ. ಕಚೇರಿಯಲ್ಲಿ ಸಿಕ್ಕ ಹೆಣ್ಣುಮಗಳು ಒಳ್ಳೆಯವರೇ, ನಗುತ್ತಲೇ ಹೇಳಿದರು, “ಅರೇ ಭಾವೂ, ಬೋಲ್ನೇ ಮೇ ಕ್ಯಾ ಜಾತಾ ಹೈ? ಖಾನೇ ಕೋ ಥೋಡೀ ಬೋಲಾ?” ಹೇಳುವುದರಲ್ಲಿ ಏನು ಹೋಗುತ್ತದೆ, ತಿನ್ನು ಎಂದೇನೂ ಹೇಳಿಲ್ಲವಲ್ಲ ಎಂದು. ಮರುಪರೀಕ್ಷೆ ಇದೆಯೇ ಎಂದರೆ, ಆದರೂ ಆಗಬಹುದು, ಆಗದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಸೋನಾಲಿ ಎಲ್ಲವನ್ನೂ ಕೇಳಿಸಿಕೊಂಡಳು.

ಈ ಪತ್ರವನ್ನು ನ್ಯಾಯ ಕೇಳಬೇಕೆಂದೇ ಬರೆಯಲು ಕೂತಿದ್ದೆ. ಪಠ್ಯ ಬದಲಿಸಿ, ಮಗುವಿಗೆ ತಾನು ತಿನ್ನುವುದನ್ನು ಹೇಳಲು ಬಿಡಿ ಎಂದು ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡಿದ್ದೆ. ಈಗ ಅದಾವುದೂ ಬೇಡ. ಇವತ್ತು ಮುಂಜಾನೆ ಹುಡುಗಿ ಅದೇ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಹೇಳತೊಡಗಿತು: “ಐ ಈಟ್ ಗ್ರಾಸ್‌ಹಾಪರ್ಸ್. ದೇ ಆರ್ ವೆರಿ ಟೇಸ್ಟಿ.” ಎಲ್ಲೂ ತಡವರಿಸಲಿಲ್ಲ. ಅವ್ವ ಒಳಗಿನಿಂದ ಕೇಳಿದಳು, “ಈಗೇನಂದಿ ಯವ್ವಾ?”

“ಜೋಳದ ರೊಟ್ಟಿ ತಿಂತೀನಿ ಅಂದೆ, ಆಯಿ” ಎಂದಳು ಮಗಳು, ನನ್ನ ಮುಖ ನೋಡದೆ.

“ಭಾಳ ಚಂದ ಮಾತಾಡ್ತದ ನನ್ನ ಕೂಸು” ಎಂದು ಅವ್ವ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ನಾನು ಅವ್ವನಿಗೆ ಖರೇ ಹೇಳದೆ ಈ ಪತ್ರ ಮುಗಿಸಲು ಕೂತೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಜೂನ್ ಬರುವ ಮುಂಚೆ ಒಮ್ಮೆ ಅವಳನ್ನು ಕರೆಯಿರಿ. ಪಾಠದಲ್ಲಿದ್ದದ್ದನ್ನೆಲ್ಲ ಹೇಳುತ್ತಾಳೆ. ಮೊಮ್ಮಗಳ ಇಂಗ್ಲಿಷ್ ಕೇಳಬೇಕೆಂದು ಅವ್ವನೂ ಜೊತೆಗೆ ಬರುವವಳಿದ್ದಾಳೆ. ಅವಳಿಗೆ ಓದು ಬಾರದು, ಅದಕ್ಕೇ ಇದನ್ನೆಲ್ಲ ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದೆ. ಬಾಗಿಲ ಬಳಿ ಕೂತ ಮುದುಕಿ, ಹುಡುಗಿ ಏನಂದಳೆಂದು ನಿಮ್ಮನ್ನು ಕೇಳಿದರೆ, ದಯಮಾಡಿ ಜೋಳದ ರೊಟ್ಟಿ ಎಂದು ಹೇಳಿ.

ಇಂತಿ,
ಜೋಳದಲ್ಲಿನ ಹುಳ ಆರಿಸಿಯೇ ಮುದುಕನಾಗುತ್ತಿರುವ,
ಅಣವೀರಪ್ಪ
ಮಲಾಡ್