ಮಿಡತೆ ಹಾರುವಾಗ ಬಂಡೆ ಎಲ್ಲಿರಬೇಕು

ಮಂಗಳವಾರ, ಮಧ್ಯಾಹ್ನ

ನನ್ನ ಮೊಂಡು ತಂಗಿಗೆ,

ಇತ್ತ ಕ್ಷೇಮ. ಅತ್ತ ನಿನ್ನ ಕ್ಷೇಮವನ್ನು ನಾನು ಕೇಳುವುದಿಲ್ಲ. ಒಮ್ಮೆ ಕೇಳಿದ್ದಕ್ಕೇ ಅಲ್ಲವೇ ಇಷ್ಟೆಲ್ಲ ರಂಪವಾಗಿ, ನೀನು ಗಂಟುಮೂಟೆ ಕಟ್ಟಿಕೊಂಡು ಜಿಮ್ಮಿನ ಮೇಲಿನ ಕೋಣೆಗೆ ಹೋಗಿ ಕುಳಿತದ್ದು?

ಶನಿವಾರದ ಕುಸ್ತಿ ಹೇಗೆ ನಡೆಯಬೇಕೆಂದು ನೀನು ಬರೆದು ಕಳಿಸಿದ ನಾಲ್ಕು ಪುಟದ ಅಪ್ಪಣೆ ತಲುಪಿತು. ತಂದುಕೊಟ್ಟವರು ರೆಫರಿ ಚಿಕ್ಕಪ್ಪ. ರಿಂಗಿನೊಳಗೆ ಇವಳ ಮಾತನ್ನು ಅವಳ ಕಿವಿಗೆ ಮುಟ್ಟಿಸುವುದು ಅವರ ಕೆಲಸ, ಒಪ್ಪಿದೆ. ಹೊರಗೂ ಅದನ್ನೇ ಅವರ ತಲೆಗೆ ಕಟ್ಟಿದ್ದೀಯಲ್ಲ! ಬಾಗಿಲಲ್ಲಿ ನಿಂತು, "ನಿಮ್ಮಿಬ್ರ ಮಧ್ಯೆ ಓಡಾಡಿ ನನ್ನ ಚಪ್ಪಲಿ ಸವೀತಿದೆ ಕಣಮ್ಮಾ, ಇದಕ್ಕೆ ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿದರು. ಅಮ್ಮ ಒಂದು ಲೋಟ ಟೀ ಕೊಟ್ಟಳು. ಅದೇ ಸಂಬಳ.

ಇಂಥದ್ದನ್ನು ಎಲ್ಲಾದರೂ ಕೇಳಿದ್ದೀಯಾ? ಜನರೆದುರು ಸುಳ್ಳು ಜಗಳ ಆಡಬೇಕಾದ ಇಬ್ಬರು ನಿಜವಾದ ಜಗಳ ಮಾಡಿಕೊಂಡು ಮಾತು ಬಿಟ್ಟು, "ಇಲ್ಲಿ ನೀನು ನನ್ನ ಕತ್ತು ಹಿಡಿ, ಅಲ್ಲಿ ನಾನು ನಿನ್ನ ಕೆನ್ನೆಗೆ ಬಾರಿಸುತ್ತೇನೆ" ಎಂದು ಕಾಗದ ಬರೆದುಕೊಳ್ಳುವುದು! ಹೋದ ಸಲದ ಪ್ರದರ್ಶನದಲ್ಲಿ ನಿನ್ನ ಕುತ್ತಿಗೆ ನನ್ನ ಕಂಕುಳಲ್ಲಿದ್ದಾಗ, ಮುಂದಿನ ಪಟ್ಟು ಯಾವುದೆಂದು ಪಿಸುಗುಟ್ಟಿದೆ. ಎಲ್ಲ ಕುಸ್ತಿಯವರೂ ಮಾಡುವುದೇ ಅದು. ನೀನು ಚಿಕ್ಕಪ್ಪನನ್ನು ಕರೆದು, "ಏನ್ ಹೇಳ್ತಿದ್ದಾಳೆ ಕೇಳಿ" ಎಂದೆಯಲ್ಲ! ನಿನ್ನ ಕಿವಿಗೂ ನನ್ನ ಬಾಯಿಗೂ ನಡುವೆ ನಾಲ್ಕು ಬೆರಳಿನ ಅಂತರವೂ ಇರಲಿಲ್ಲ ಕಣೇ. ಇದಕ್ಕಿಂತ ಮೊಂಡುತನ ಯಾವ ಕತ್ತೆಗೂ ಇರಲಾರದು.

ಇನ್ನು ನಿನ್ನ ಅಪ್ಪಣೆಯ ವಿಚಾರ. ಮೊದಲ ಪುಟದ ಕೊನೆಯಲ್ಲಿ "ಎದುರಾಳಿ ಇಲ್ಲಿ ಬೀಳುತ್ತಾಳೆ" ಎಂದಿದೆ. ಯಾಕೆ ಬೀಳುತ್ತಾಳೆ? ಬಾಳೆಹಣ್ಣಿನ ಸಿಪ್ಪೆ ಇತ್ತೇ? ಹೊಡೆತವಿಲ್ಲದೆ ಬಿದ್ದರೆ ಮುಂದಿನ ಸಾಲಿನ ಮಕ್ಕಳೇ ನಗುತ್ತವೆ. ಎರಡನೆಯ ಪುಟದಲ್ಲಿ ನಾನು ನಿನ್ನನ್ನು ತಲೆಯ ಮೇಲೆತ್ತಿ ರಿಂಗಿನ ಸುತ್ತ ಒಂದು ಸುತ್ತು ಬರಬೇಕಂತೆ. ಅದು ಬೇಡ, ತೆಗೆದುಹಾಕು. ಹಳೇ ಆಟ, ನೋಡಿ ನೋಡಿ ಜನಕ್ಕೆ ಸಾಕಾಗಿದೆ. ಜಡೆ ಹಿಡಿದು ಎಳೆಯುವ ಭಾಗವೂ ಬೇಡ, ಏಕೆಂದರೆ ಜಡೆಯೇ ಇಲ್ಲ. ಕಿವಿಯ ಮಟ್ಟಕ್ಕೆ ಕತ್ತರಿಸಿಬಿಟ್ಟೆ. ದ್ರೋಹಿಯ ಪಾತ್ರಕ್ಕೆ ಉದ್ದ ಜಡೆ ಒಪ್ಪುವುದಿಲ್ಲ ಎಂದು ಮ್ಯಾನೇಜರ್ ಹೇಳಿದ್ದರು, ಅದಕ್ಕೇ. ಅಮ್ಮ ಎರಡು ದಿನ ಮುಖ ತಿರುಗಿಸಿಕೊಂಡಿದ್ದಳು. ಆ ವಿದ್ಯೆ ನಿನಗೆ ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು.

ದ್ರೋಹಿ ಎಂದಾಗ ನೆನಪಾಯಿತು. ಅಮ್ಮ ತರಕಾರಿ ತರಲು ಹೋಗಿದ್ದಾಗ ಅಂಗಡಿಯವಳು ಅವಳ ಕೈ ಹಿಡಿದುಕೊಂಡು, "ನಿಮ್ಮ ದೊಡ್ಡ ಮಗಳಿಗೆ ಊಟ ಹಾಕ್ಬೇಡಿ, ಒಡಹುಟ್ಟಿದವಳಿಗೇ ಬೆನ್ನಿಗೆ ಚೂರಿ ಹಾಕಿದ್ಲಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಳಂತೆ. ಅಮ್ಮ, "ಪಾತ್ರೆ ತೊಳೆಸ್ತಿದ್ದೀನಿ ಬಿಡಿ" ಎಂದು ಸಮಾಧಾನ ಮಾಡಿ ಬಂದಳು. ನಮ್ಮ ಮನೆಯ ಮುನಿಸನ್ನು ಮ್ಯಾನೇಜರ್ ಮೂಸಿ ನೋಡಿ ಅದಕ್ಕೇ ಒಂದು ಕಥೆ ಹೊಲಿದು ಟಿಕೆಟ್ ಮಾರುತ್ತಿದ್ದಾರೆ. ಜನ ನನಗೆ ಛೀಮಾರಿ ಹಾಕುತ್ತಾರೆ. ಅದು ನನ್ನ ಕೆಲಸ, ಬೇಸರವಿಲ್ಲ. ಆದರೆ ಅವರೆಲ್ಲ ಕೂಗುವಾಗ ಎದುರಿನ ಮೂಲೆಯಲ್ಲಿ ನಿಂತ ನಿನ್ನ ಮುಖ ನೋಡುತ್ತೇನೆ. ನೀನು ನಟಿಸುತ್ತಿಲ್ಲ. ಅದು ನನಗೆ ಚುಚ್ಚುತ್ತದೆ.

ಆರು ವರ್ಷದವಳಿದ್ದಾಗ ನೀನು ಬೀರುವಿನ ಮೇಲಿಂದ ಹಾಸಿಗೆಗೆ ಹಾರಿದೆ. ಹಾಸಿಗೆಯಲ್ಲಿ ನಾನು ಮಲಗಿದ್ದೆ. ನಮ್ಮ ಜೋಡಿ ಶುರುವಾದದ್ದು ಅವತ್ತು. ಆಮೇಲೆ ಗೋದಾಮು, ಶಾಲೆಯ ಮೈದಾನ, ಸಿನಿಮಾ ಮಂದಿರದ ಹಿಂದಿನ ಬಯಲು, ಎಲ್ಲಿ ಹಗ್ಗ ಕಟ್ಟಿದರೆ ಅಲ್ಲಿ. ಜನ ನಿನಗೆ ಮಿಡತೆ ಎಂದರು, ನನಗೆ ಬಂಡೆ. ಒಬ್ಬಳು ಒಳಗೆ ಸೆಣಸುವುದು, ಇನ್ನೊಬ್ಬಳು ಹಗ್ಗದಾಚೆ ನಿಂತು ಕೈ ಚಾಚುವುದು, ಕೈಗೆ ಕೈ ತಟ್ಟಿದರೆ ಅದಲುಬದಲು. ಜೋಡಿ ಕುಸ್ತಿಯಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಎಂದು ಪೇಪರಿನವರು ಬರೆದರು. ಫೋಟೋದಲ್ಲಿ ಮಾತ್ರ ಯಾವಾಗಲೂ ಗಾಳಿಯಲ್ಲಿ ನೀನು ಪೂರ್ತಿ, ಮೂಲೆಯಲ್ಲಿ ನನ್ನ ಮೊಣಕೈ. ಅಮ್ಮ ಅವನ್ನೆಲ್ಲ ಕತ್ತರಿಸಿಟ್ಟು ಬಂದವರಿಗೆ, "ಇದು ನಮ್ಮ ದೊಡ್ಡವಳದು" ಎಂದು ಮೊಣಕೈ ತೋರಿಸುತ್ತಾಳೆ.

ಹಾರುವವಳಿಗೆ ಚಪ್ಪಾಳೆ, ಹಿಡಿಯುವವಳಿಗೆ ಬೆನ್ನುನೋವು. ಗೊಣಗುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನೀನು ಎದುರಾಳಿಯ ಮೇಲೆ ಎರಗಿ ಅವಳನ್ನು ನೆಲಕ್ಕೆ ಕೆಡವಿದೆ ಎಂದು ಜನ ತಿಳಿಯುತ್ತಾರೆ. ನಿಜವಾಗಿ ಅವಳು ಎದೆಯೊಡ್ಡಿ ನಿನ್ನನ್ನು ಹಿಡಿದು, ನಿನ್ನ ತಲೆ ನೆಲಕ್ಕೆ ತಾಗದಂತೆ ತಾನು ಅಡಿಯಾಗಿ ಬೀಳುತ್ತಾಳೆ. ನಿನ್ನ ಪ್ರತಿಯೊಂದು ಹೊಸ ಜಿಗಿತವನ್ನೂ ನೀನು ಕಲಿತದ್ದು ನನ್ನ ಮೇಲೆ ಹಾರಿ. ಜನರೆದುರು ಹಾರಿದ್ದು ಮಾತ್ರ ಬೇರೆಯವರ ಮೇಲೆ. ಎಲ್ಲರೂ ಬಂಡೆಯ ಹಾಗೆ ನಿಲ್ಲುತ್ತಾರೆಂದು ನೀನು ತಿಳಿದೆ. ಆ ದಿನ ಕೆಂಪು ಬೂಟಿನವಳು ಹೆದರಿ ಅರ್ಧ ಹೆಜ್ಜೆ ಹಿಂದೆ ಸರಿದಳು. ನೀನು ತಲೆ ಕೆಳಗಾಗಿ ಬಿದ್ದೆ.

ನಾನು ಹಗ್ಗದಾಚೆಯಿಂದ ಓಡಿ ಬಂದು ನಿನ್ನ ಕೈ ಹಿಚುಕಿದೆ. ಒಂದು ಸಲ ಹಿಚುಕಿದರೆ "ಹುಷಾರಾ?" ಎಂದು. ವಾಪಸ್ ಹಿಚುಕಿದರೆ "ಹುಷಾರು" ಎಂದು. ನೀನು ವಾಪಸ್ ಹಿಚುಕಿದೆ. ನಂಬಿ ನಮ್ಮ ಮೂಲೆಗೆ ಹಿಂತಿರುಗಿ ಕೈ ಚಾಚಿ ನಿಂತೆ. ನೀನು ಎದ್ದು, ತೂರಾಡಿಕೊಂಡು, ನೆಟ್ಟಗೆ ಎದುರಾಳಿಗಳ ಮೂಲೆಗೆ ಹೋಗಿ, ಅವರ ಜೊತೆಗಾತಿಗೆ ಕೈ ನೀಡಿದೆ. ಬದಲಿ ತೆಗೆದುಕೋ ಎಂದು. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೀನು ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡಿತು. ನೀನು ಇವತ್ತಿಗೂ ಹಾಗೆಂದೇ ವಾದಿಸುತ್ತೀಯ.

ತಮಾಷೆಯಂತೆ! ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, ಮೈಮೇಲಿನ ಬೆವರು ಆರುವ ಮೊದಲೇ, "ಅಕ್ಕಾ, ನಮ್ ಕುಸ್ತಿ ಎಷ್ಟ್ ಹೊತ್ತಿಗೆ?" ಎಂದು ಕೇಳಿದೆಯಲ್ಲ, ಅದೂ ತಮಾಷೆಯೇ? ಅಲ್ಲಿ ನಗುವವರು ಯಾರಿದ್ದರು, ನಾನೊಬ್ಬಳೇ ಇದ್ದದ್ದು. ನೇರ ಜಿಮ್ಮಿನ ಡಾಕ್ಟರಮ್ಮನ ಬಳಿ ಹೋಗಿ ಹೇಳಿದೆ. ಅವರು ನಿನ್ನನ್ನು ಪರೀಕ್ಷೆ ಮಾಡಿ, ಮೂರು ತಿಂಗಳು ರಿಂಗ್ ಹತ್ತಕೂಡದು ಎಂದರು. ಅದೇ ತಿಂಗಳು ದೊಡ್ಡ ಕುಸ್ತಿ ಕಂಪನಿಯವರು ಆಯ್ಕೆಗೆ ಬಂದರು, ನಿನ್ನನ್ನು ನೋಡದೆ ಹೋದರು. "ಹೊಟ್ಟೆಕಿಚ್ಚಿಗೆ ಹೇಳಿದ್ದು ಇವ್ಳು" ಎಂದು ನೀನು ಅಮ್ಮನೆದುರು ಕೂಗಿದೆ. ಕೋಪಕ್ಕೆ ಬಾಯಿಗೆ ಬಂದದ್ದು ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ, ಚೆನ್ನಾಗಿ ಓದಿಕೋ: ನಾಳೆ ಹಾಗೆಯೇ ಆದರೆ ನಾಳೆಯೂ ಹೇಳುತ್ತೇನೆ. ನೀನು ಜನ್ಮವಿಡೀ ಮಾತಾಡದಿದ್ದರೂ ಚಿಂತೆಯಿಲ್ಲ, ಮಾತಾಡದೆ ಓಡಾಡಿಕೊಂಡಿರುವ ತಂಗಿ ನನಗೆ ಸಾಕು.

ಚಿಂತೆಯಿಲ್ಲ ಎಂದದ್ದು ಸುಳ್ಳು. ಇರಲಿ.

ಈಗ ನಾಲ್ಕನೆಯ ಪುಟ. ದೊಡ್ಡ ಕಂಪನಿಯವರು ಶನಿವಾರ ಮತ್ತೆ ಬರುತ್ತಾರೆ, ಗೊತ್ತು. ಗೆಲ್ಲುವವಳು ನೀನೆಂದು ತೀರ್ಮಾನವಾಗಿದೆ, ನನ್ನ ತಕರಾರಿಲ್ಲ. ಆದರೆ ಮೂಲೆ ಕಂಬದ ತುದಿಯಿಂದ ಹಿಮ್ಮುಖವಾಗಿ ಲಾಗ ಹಾಕಿ ರಿಂಗಿನ ಹೊರಗಿನ ನೆಲಕ್ಕೆ ಹಾರುವುದು ಬೇಕೇ ಬೇಕೇ? ಒಳಗಾದರೆ ಹಲಗೆ ಒಂದಿಷ್ಟು ಬಾಗುತ್ತದೆ. ಹೊರಗೆ ಇರುವುದು ತೆಳ್ಳನೆ ಚಾಪೆ, ಅದರಡಿ ಸಿಮೆಂಟು. ಅದೂ ನೀನು ಬಿದ್ದ ದಿನ ರಿಂಗಿನೊಳಗೆ ಹಾಕಿದ ಅದೇ ಲಾಗ. ಡಾಕ್ಟರಮ್ಮ ನಿನ್ನ ತಲೆ ಈಗ ಸರಿಯಿದೆ ಎಂದು ಬರೆದುಕೊಟ್ಟಿದ್ದಾರೆ, ಸರಿ. ಒಳಗೆ ಬುದ್ಧಿ ಇದೆಯೋ ಇಲ್ಲವೋ ಅವರು ನೋಡಿಲ್ಲ.

ಬೇಡ ಎಂದು ಒಂದೇ ಸಾಲು ಬರೆದು ಚಿಕ್ಕಪ್ಪನ ಕೈಲೇ ವಾಪಸ್ ಕಳಿಸುವವಳಿದ್ದೆ. ಆಮೇಲೆ ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. ನಾಲ್ಕು ಪುಟದಲ್ಲೂ ನಾನು ನಿನಗೆ ಎದುರಾಳಿ. ಎದುರಾಳಿ ಬರುತ್ತಾಳೆ, ಎದುರಾಳಿ ಒದೆಯುತ್ತಾಳೆ, ಎದುರಾಳಿ ಕಾರಣವಿಲ್ಲದೆ ಬೀಳುತ್ತಾಳೆ. ಆ ಜಿಗಿತದ ಹತ್ತಿರ ಮಾತ್ರ, "ಇಲ್ಲಿ ಅಕ್ಕ ಹಿಡ್ಕೋತಾಳೆ" ಎಂದು ಬರೆದಿದ್ದೀಯ. ಬರೆದದ್ದು ನಿನಗೇ ಗೊತ್ತಿರಲಿಕ್ಕಿಲ್ಲ. ಬೆನ್ನು ತಿರುಗಿಸಿ ಹಾರುವವಳಿಗೆ ಕೆಳಗೆ ಯಾರಿದ್ದಾರೆಂದು ಕಾಣುವುದಿಲ್ಲ, ನಂಬಿ ಹಾರಬೇಕು. ಅಷ್ಟು ನಂಬಿಕೆಯಿದ್ದರೆ ಬಂದು ಒಂದು ಲೋಟ ನೀರು ಕೇಳಬಾರದಿತ್ತೇನೇ ಪಿಶಾಚಿ? ಅಮ್ಮ ಎದುರಿಗಿದ್ದಳು, ಅಳುವುದಕ್ಕೂ ಬಿಡಲಿಲ್ಲ, "ಏನ್ ಬರ್ದಿದ್ದಾಳೆ, ಏನ್ ಬರ್ದಿದ್ದಾಳೆ" ಎಂದು ಪ್ರಾಣ ತಿಂದಳು.

ಹಾಗಾಗಿ ಹಾರು. ನಾನು ನಿಂತಿರುತ್ತೇನೆ. ಅರ್ಧ ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ, ಅದು ನಿನಗೆ ಗೊತ್ತಿದ್ದೇ ಅಲ್ಲವೇ ಬರೆದದ್ದು.

ಅಮ್ಮ ನಿನ್ನ ಹೊಸ ಹಸಿರು ಉಡುಪನ್ನು ಹೊಲಿದು ಮುಗಿಸಿದ್ದಾಳೆ. ಸೊಂಟ ಬಿಗಿಯಾದರೆ ಅದು ನಿನ್ನ ತಪ್ಪು, ಅವಳದಲ್ಲ. ಮೊಟ್ಟೆ ಸರಿಯಾಗಿ ತಿನ್ನು. ಚಿಕ್ಕಪ್ಪನಿಗೆ ಒಂದು ಜೊತೆ ಚಪ್ಪಲಿ ಕೊಡಿಸು.

ಇಂತಿ,
ಶನಿವಾರ ಮಾತ್ರ ದ್ರೋಹಿ, ಉಳಿದ ದಿನಗಳಲ್ಲಿ ನಿನ್ನ ಅಕ್ಕ

ಮರೆತದ್ದು: ಮೇಲೆ "ಇತ್ತ ಕ್ಷೇಮ" ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಹಾರುವಾಗ ಒಂದು ಗೇಣು ನನ್ನ ಬಲಕ್ಕೆ ಬಾ. ನನ್ನ ಎಡಗೈ ಹೆಗಲಿಗಿಂತ ಮೇಲೆ ಏಳುತ್ತಿಲ್ಲ. ಜಡೆ ಹಾಕಿಕೊಳ್ಳಲು ಆಗದೆ ಕತ್ತರಿಸಿದ್ದು, ಮ್ಯಾನೇಜರ್ ಏನೂ ಹೇಳಿರಲಿಲ್ಲ. ಹೋದ ಸಲ ನೀನು ಹಗ್ಗದ ಮೇಲಿಂದ ಒದ್ದಾಗ ನಾನು ಸರಿಯಾಗಿ ಬೀಳಲಿಲ್ಲ. ತಪ್ಪು ನಿನ್ನದಲ್ಲ. ಚಿಕ್ಕಪ್ಪ ಬಂದು ಕೈ ಹಿಚುಕಿದರು. ನಾನು ವಾಪಸ್ ಹಿಚುಕಿದೆ, ಬಲಗೈಯಿಂದ. ಬಲಗೈ ಒಂದರಲ್ಲೇ ನಿನ್ನನ್ನು ಹಿಡಿಯಬಲ್ಲೆ ಎಂದು ನನ್ನ ಲೆಕ್ಕ. ಲೆಕ್ಕ ತಪ್ಪಿದರೆ ಸಿಮೆಂಟಿಗೆ ತಾಗುವುದು ನಿನ್ನ ತಲೆ, ಅದಕ್ಕೇ ಹೇಳದೆ ಇರಲಾಗಲಿಲ್ಲ. ಇದನ್ನು ಯಾರಿಗೂ ಹೇಳಬೇಡ ಎಂದು ಬರೆಯಲು ಹೊರಟೆ, ನಾಚಿಕೆಯಾಯಿತು. ಹೇಳಿದರೆ ಶನಿವಾರದ ಕುಸ್ತಿ ನಿಲ್ಲುತ್ತದೆ, ದೊಡ್ಡ ಕಂಪನಿಯವರು ಈ ಸಲವೂ ನಿನ್ನನ್ನು ನೋಡದೆ ಹೋಗುತ್ತಾರೆ, ನಾನು ನಿನ್ನ ಜೊತೆ ಮಾತು ಬಿಡುತ್ತೇನೆ. ಎಷ್ಟು ದಿನ ಬಿಡಬೇಕೆಂದು ನಿನ್ನಿಂದಲೇ ಕಲಿತಿದ್ದೇನೆ.

ಡಾಕ್ಟರಮ್ಮ ಶುಕ್ರವಾರ ಸಂಜೆಯವರೆಗೂ ಜಿಮ್ಮಿನ ಕೆಳಗಿನ ಕೋಣೆಯಲ್ಲೇ ಇರುತ್ತಾರೆ. ಸುಮ್ಮನೆ ತಿಳಿಸಿದೆ, ಅಷ್ಟೆ.