ಹನ್ನೊಂದನೇ ಚೌಕದ ಗೋಡೆ

ಜುಲೈ 8, ಮಂಗಳವಾರ

ಮತ್ತೆ ಅದೇ ಗೋಳು. ಸ್ಟುಡಿಯೋದಲ್ಲಿ ಎ.ಸಿ. ಜೋರಾಗಿ ಇಟ್ಟು ವೀರೇಂದ್ರ ಸ್ವೆಟರ್ ಹಾಕಿಕೊಂಡು ಕೂತಿದ್ದ. ಕ್ಯಾಮೆರಾ, ಕಂಪ್ಯೂಟರ್ ಎಲ್ಲ ಅವನ ಉಸ್ತುವಾರಿ. ಮೆಷಿನ್‌ಗೆ ತಂಪು ಬೇಕಂತೆ. ನನ್ನ ಮಂಡಿಗೆ ಬೇಡವಲ್ಲ! ಭದ್ರಾವತಿಯ ಕಾಗದನಗರದಿಂದ ಬಸ್ಸಿನಲ್ಲಿ ನಿಂತೇ ಬಂದವಳು.

ಆದರೂ ಒಪ್ಪಬೇಕು. ಸರ್ಕಾರದ ಇಂಟರ್ನೆಟ್ ಕೇಬಲ್ ಈ ಜೂನ್‌ನಲ್ಲಿ ಹಳ್ಳಿ ಶಾಲೆಗಳಿಗೂ ಮುಟ್ಟಿತು. ಶಿವಮೊಗ್ಗದಲ್ಲಿ ನಿಂತು ಹತ್ತನೇ ಕ್ಲಾಸಿನ ಗಣಿತ ಹೇಳಿದರೆ ಎಪ್ಪತ್ತು ಚಿಲ್ಲರೆ ಶಾಲೆಗಳಲ್ಲಿ ಮಕ್ಕಳು ಟಿ.ವಿ. ಮುಂದೆ ಕೂತು ಕೇಳುತ್ತಾರೆ. ಅವರ ಕೊಠಡಿಗಳೆಲ್ಲ ನನ್ನೆದುರಿನ ಪರದೆಯಲ್ಲಿ ಸಣ್ಣ ಸಣ್ಣ ಚೌಕ. ಹನ್ನೊಂದನೇ ಚೌಕ ಹೊಳೆಹೊನ್ನೂರು ಕಡೆಯ ಒಂದು ಶಾಲೆ. ಅಲ್ಲಿ ಕೊನೇ ಬೆಂಚಿನಲ್ಲಿ ಲಿಖಿತಾ. ಹೆಸರು ಕರೆದರೆ ಸಾಕು, ಟಿ.ವಿ.ಗೇ ಕೈಮುಗಿದು ನಿಲ್ಲುತ್ತಾಳೆ. ಕೂತ್ಕೋ ಅನ್ನುವವರೆಗೂ ಕೂರುವುದಿಲ್ಲ. ಪಾಪ.

ಇವತ್ತು ಅವಳ ಹಿಂದಿನ ಗೋಡೆಯ ಮೇಲೆ ಒಂದು ಗೆರೆ ಕಂಡಿತು. ಸೂರಿನಿಂದ ಕಿಟಕಿಯವರೆಗೆ. ಅಲ್ಲಿನ ಕ್ಯಾಮೆರಾಕ್ಕೆ ಕೂದಲು ಅಂಟಿರಬೇಕು.

ಜುಲೈ 10, ಗುರುವಾರ

ಕೂದಲಲ್ಲ.

ವೀರೇಂದ್ರನಿಂದ ಹನ್ನೊಂದನ್ನು ದೊಡ್ಡದು ಮಾಡಿಸಿ ನೋಡಿದೆ. ಬಿರುಕು. ಕಿಟಕಿ ದಾಟಿ ಕೆಳಗಿಳಿದಿದೆ. ಹಳೇ ಮಣ್ಣಿನ ಗೋಡೆ, ಮೇಲೆ ಸುಣ್ಣ. ಅಲ್ಲಿ ಎಲ್ಲರ ಮುಖವೂ ಟಿ.ವಿ. ಕಡೆ, ಗೋಡೆ ಬೆನ್ನ ಹಿಂದೆ. ಅದು ನೇರವಾಗಿ ಕಾಣುವುದು ನನಗೊಬ್ಬಳಿಗೇ.

ಸ್ಟುಡಿಯೋ ಇನ್‌ಚಾರ್ಜ್ ಲಕ್ಷ್ಮೀಕಾಂತ ಅವರಿಗೆ ತೋರಿಸಿದೆ. "ಅಯ್ಯೋ ಜಗದಾಂಬಾ ಮೇಡಂ, ಲೆನ್ಸ್ ಮೇಲೆ ಗೀರು ಬಿದ್ದಿರುತ್ತೆ. ನೀವು ಪಾಠ ಮಾಡಿ, ಕಟ್ಟಡ ನೋಡೋಕೆ ಇಂಜಿನಿಯರ್ ಇದಾರೆ."

ಆ ಶಾಲೆಯ ಹೆಡ್‌ಮಾಸ್ಟರ್ ಶಿವಶಂಕರಪ್ಪನವರಿಗೆ ಫೋನ್ ಮಾಡಿದೆ. "ಹೌದಾ ಮೇಡಂ? ಕ್ಯಾಮೆರಾದಲ್ಲಿ ಕಾಣ್ಸುತ್ತಾ? ಮೇಲಿನೋರೂ ನೋಡ್ತಾರಾ? ಆಯ್ತು ಆಯ್ತು, ಸರಿ ಮಾಡಿಸ್ತೀನಿ."

ಒಳ್ಳೆಯ ಮನುಷ್ಯ. ನಿರಾಳವಾಯಿತು.

ಜುಲೈ 15, ಮಂಗಳವಾರ

ಸರಿ ಮಾಡಿಸಿದ್ದಾರೆ ಪುಣ್ಯಾತ್ಮರು! ಗೋಡೆಯ ಅಗಲಕ್ಕೂ ಫ್ಲೆಕ್ಸ್. 'ನೇರಪ್ರಸಾರ ತರಗತಿಗೆ ಸ್ವಾಗತ'. ಮಧ್ಯದಲ್ಲಿ ನನ್ನದೇ ಫೋಟೋ. ಹಲ್ಲು ಕಿರಿಯುತ್ತಿದ್ದೇನೆ.

ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. "ಸರ್, ಬಿರುಕು?"

"ಈಗ ಕಾಣ್ಸಲ್ಲ ಅಲ್ವಾ ಮೇಡಂ?" ಆಮೇಲೆ ದನಿ ತಗ್ಗಿಸಿದರು. "ರಿಪೇರಿಗೆ ಬರೆದು ಬರೆದು ಸಾಕಾಗಿದೆ. ಕೇಬಲ್ ಎಳೆದಿರೋದು ಆ ಒಂದು ರೂಮಿಗೆ. ಮಕ್ಕಳನ್ನ ಬೇರೆ ಕಡೆ ಕೂರ್ಸಿದ್ರೆ ಟಿ.ವಿ. ಆಫ್ ಅಂತ ನನಗೇ ನೋಟಿಸ್ ಬರುತ್ತೆ. ನಾನೇನ್ ಮಾಡ್ಲಿ, ಹೇಳಿ?"

ಬಿರುಕು ಕಾಣುತ್ತಿದ್ದಾಗ ಇಷ್ಟು ಹೆದರಿರಲಿಲ್ಲ. ಈಗ ಫ್ಲೆಕ್ಸ್ ಹಿಂದೆ ಏನಾಗುತ್ತಿದೆಯೋ... ದೇವರೇ.

ಜುಲೈ 19, ಶನಿವಾರ

ನಾನೇ ಹೋಗಿ ನೋಡಿಬಿಡುವುದೆಂದು ಭದ್ರಾವತಿ ಬಸ್‌ಸ್ಟ್ಯಾಂಡ್‌ವರೆಗೂ ಹೋದೆ. ಇವತ್ತೂ ಮಳೆ ರಜೆಯಂತೆ. ಗುರುವಾರದಿಂದ ಶಾಲೆಗೆ ಬೀಗ. ವಾಪಸ್.

ಸುರಿಯುತ್ತಲೇ ಇದೆ. ಆ ಮಣ್ಣಿನ ಗೋಡೆ ಎಷ್ಟು ನೀರು ಕುಡಿದಿದೆಯೋ.

ಜುಲೈ 22, ಮಂಗಳವಾರ, ಮಧ್ಯಾಹ್ನ

ಈಗಲೇ ಬರೆದಿಡಬೇಕು.

ಪಾಠ ಶುರುವಾಗಿತ್ತು. ಹನ್ನೊಂದರಲ್ಲಿ ಲಿಖಿತಾ ಪದೇ ಪದೇ ತಲೆ ಕೊಡವಿಕೊಳ್ಳುತ್ತಿದ್ದಳು. ಜಡೆಯ ಮೇಲೆಲ್ಲ ಮಣ್ಣಿನ ಪುಡಿ. ಹಿಂದೆ ಫ್ಲೆಕ್ಸ್‌ನಲ್ಲಿ ನನ್ನ ಮುಖ ಉಬ್ಬಿತ್ತು. ಗಾಳಿಗೆ ಉಬ್ಬಿದ್ದು ಇಳಿಯಬೇಕಲ್ಲ? ಇಳಿಯಲಿಲ್ಲ.

ಗೋಡೆ ಬೀಳುತ್ತದೆ ಎಂದು ಕೂಗಿದರೆ ನೂಕಾಟ, ಇರುವುದು ಒಂದೇ ಬಾಗಿಲು. ಒಂದೇ ಶಾಲೆಗೆ ಹೇಳಲೂ ಆಗುವುದಿಲ್ಲ, ನಾನು ಮಾತಾಡಿದ್ದು ಎಲ್ಲ ಶಾಲೆಗೂ ಕೇಳುತ್ತದೆ. ಬಾಯಿಗೆ ಬಂದದ್ದು ಹೇಳಿದೆ.

"ಮಕ್ಕಳೇ, ಇವತ್ತು ಪಾಠ ಹೊರಗೆ! ಧ್ವಜದ ಕಂಬದ ನೆರಳು ಅಳೆದು ಬನ್ನಿ. ಎಲ್ಲರೂ. ಮೇಷ್ಟ್ರುಗಳೂ."

"ಮೇಡಂ, ಬಿಸಿಲೇ ಇಲ್ವಲ್ಲ!" ಎಂದ ವೀರೇಂದ್ರ.

"ಬಾಯ್ಮುಚ್ಚೋ ಮಾರಾಯ!" ಅದೂ ಎಲ್ಲ ಶಾಲೆಗೂ ಹೋಯಿತು.

ಒಂದೊಂದೇ ಚೌಕ ಖಾಲಿಯಾಯಿತು. ಹನ್ನೊಂದೂ. ಉಸಿರು ಬಿಟ್ಟೆ. ಅಷ್ಟರಲ್ಲಿ ಲಿಖಿತಾ ಓಡಿ ಒಳಗೆ ಬಂದಳು. ಸ್ಕೇಲ್ ಬೆಂಚಿನ ಮೇಲೆ ಮರೆತಿದ್ದಳು.

"ಲಿಖಿತಾ!" ಎಂದು ಕಿರುಚಿದೆ. ಹೆಸರು ಕರೆಯಬಾರದಿತ್ತು. ಗೋಡೆಗೆ ಬೆನ್ನು ಹಾಕಿ, ಟಿ.ವಿ. ಕಡೆ ತಿರುಗಿ, ಕೈಮುಗಿದು ನಿಂತುಬಿಟ್ಟಳು. ಅವಳ ಹಿಂದೆ ನನ್ನ ನಗುವ ಮುಖ ಮುಂದೆ ಮುಂದೆ ಬರುತ್ತಿತ್ತು.

"ಓಡು! ಓಡೇ! ಹೊರಗೆ ಓಡೇ!"

ಓಡಿದಳು. ಆಮೇಲೆ ಚೌಕದ ತುಂಬ ಧೂಳು. ಆಮೇಲೆ ಕಪ್ಪು.

ಹೆಡ್‌ಮಾಸ್ಟರ್ ಫೋನ್ ಎತ್ತುವವರೆಗೆ ನನಗೆ ಜೀವವಿರಲಿಲ್ಲ. "ಎಲ್ಲಾ ಫೀಲ್ಡಲ್ಲಿದಾರೆ ಮೇಡಂ... ಆ ಹುಡುಗೀನೂ ಇದಾಳೆ... ಕೊನೇ ಎರಡು ಬೆಂಚು ಪುಡಿಪುಡಿ ಮೇಡಂ..." ಅಳುತ್ತಿದ್ದರು. ನಾನೂ ಅತ್ತೆ.

ಜುಲೈ 25, ಶುಕ್ರವಾರ

ನೋಟಿಸ್ ಬಂತು. ನನಗೆ. ಬಿಸಿಲಿಲ್ಲದ ದಿನ ನೆರಳು ಅಳೆಯಲು ಕಳಿಸಿ ಮಕ್ಕಳನ್ನು ಮಳೆಯಲ್ಲಿ ನೆನೆಸಿದ್ದಕ್ಕೆ. ವಿಚಾರಣೆ ಮುಗಿಯುವವರೆಗೆ ಸ್ಟುಡಿಯೋ ಕಡೆ ಬರಬಾರದಂತೆ. ಹೋಗಲಿ ಬಿಡು.

ಆಗಸ್ಟ್ 12, ಮಂಗಳವಾರ, ಪಾಠದ ಮಧ್ಯೆ

ಮತ್ತೆ ಕರೆಸಿದ್ದಾರೆ. ಗಣಿತಕ್ಕೆ ಬೇರೆ ಯಾರೂ ಸಿಗಲಿಲ್ಲವಂತೆ. ಲಕ್ಷ್ಮೀಕಾಂತ ಅವರ ಮುಖದಲ್ಲಿ ಖುಷಿಯೋ ಖುಷಿ. "ನೋಡಿ ಮೇಡಂ, ಈಗ ಎಲ್ಲಾ ಕಡೆ ನೀಟು! ಹನ್ನೊಂದರ ಫ್ಲೆಕ್ಸ್ ಮೇಲಿನೋರಿಗೆ ಭಾಳ ಹಿಡಿಸಿತ್ತಂತೆ. ಎಲ್ಲಾ ಶಾಲೆಗೂ ಆರ್ಡರ್ ಆಯ್ತು."

ಪರದೆ ಹೊತ್ತಿಕೊಂಡಿತು. ಒಂದನೇ ಚೌಕ, ಫ್ಲೆಕ್ಸ್. ಎರಡನೇದು, ಫ್ಲೆಕ್ಸ್. ಎಲ್ಲದರಲ್ಲೂ. ಎಲ್ಲಾ ಮಕ್ಕಳ ಬೆನ್ನ ಹಿಂದೆ ನಾನೇ ನಗುತ್ತಿದ್ದೇನೆ. ಒಂದು ಗೋಡೆಯೂ ಕಾಣುವುದಿಲ್ಲ. ಹನ್ನೊಂದರಲ್ಲಿ ಬೇರೆ ರೂಮು, ಅಲ್ಲೂ ಫ್ಲೆಕ್ಸ್. ಲಿಖಿತಾ ಹೊಸ ಸ್ಕೇಲ್ ಎತ್ತಿ ತೋರಿಸಿದಳು. ನಗಲಾಗಲಿಲ್ಲ.

ಒಂದು ಲೆಕ್ಕ ಕೊಟ್ಟು, ಮೈಕ್ ಆಫ್ ಮಾಡಿ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಮತ್ತೆ ಜೋರು ಮಳೆ. ಮಕ್ಕಳು ತಲೆ ತಗ್ಗಿಸಿ ಲೆಕ್ಕ ಮಾಡುತ್ತಿದ್ದಾರೆ. ಆರನೇ ಚೌಕದಲ್ಲಿ ಕೊನೇ ಬೆಂಚಿನ ಹುಡುಗಿಯೊಬ್ಬಳು ತಲೆ ಕೊಡವಿಕೊಂಡಳು. ಹೇನಿರಬಹುದು. ಮತ್ತೆ ಕೊಡವಿಕೊಂಡಳು. ಪಕ್ಕದವಳೂ —